ಬಾಣಂತನಕ್ಕೆ ತವರಿಗೆ ಹೊರಟಿದ್ದೀರಾ? ಆಶಾ ಕಾರ್ಯಕರ್ತೆಗೆ ಹೇಳಿಟ್ಟಿರಿ

ಹೆರಿಗೆ ಆದ ಮೇಲೆ ಮಗುವನ್ನು ನೋಡೋಕೆ ಆಶಾ ಕಾರ್ಯಕರ್ತೆ ಮನೆಗೇ ಬರುತ್ತಾರೆ. ಒಂದು ಪೈಸೆಯೂ ಕೊಡಬೇಕಿಲ್ಲ. ತೊಡಕು ಏನಂದ್ರೆ, ನಮ್ಮಲ್ಲಿ ಬಸುರಿಯ ಹೆಸರು ಬರೆಸುವುದು ಗಂಡನ ಊರಲ್ಲಿ, ಬಾಣಂತನ ತವರಲ್ಲಿ. ಅಲ್ಲಿಯ ಆಶಾ ಹೋದರೆ ಬಾಣಂತಿ ಇಲ್ಲ, ಇಲ್ಲಿಯವರಿಗೆ ಮಗು ಬಂದಿರುವುದೇ ಗೊತ್ತಿಲ್ಲ.

ಹಾಗಾಗಿ ಮೊದಲ ಕೆಲಸ ಇದು: ತವರಿಗೆ ಹೋದ ಕೂಡಲೇ ತಾಯಿ ಕಾರ್ಡ್ ಹಿಡಿದು ಅಲ್ಲಿನ ಅಂಗನವಾಡಿಗೆ ಹೋಗಿ, ನಿಮ್ಮ ಓಣಿಯ ಆಶಾ ಯಾರೆಂದು ಕೇಳಿ ನಂಬರ್ ಬರೆದುಕೊಳ್ಳಿ. ಹೆರಿಗೆಯಾದ ದಿನವೇ ಅವರಿಗೊಂದು ಫೋನ್ ಮಾಡಿಸಿ.

ಆಸ್ಪತ್ರೆಯಲ್ಲಿ ಹೆರಿಗೆಯಾಗಿದ್ದರೆ 3, 7, 14, 21, 28 ಮತ್ತು 42ನೇ ದಿನ ಆಶಾ ಮನೆಗೆ ಬರಬೇಕು. ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಬಂದವರು ಮಗುವನ್ನು ತೂಗುತ್ತಾರೆ, ಜ್ವರ ನೋಡುತ್ತಾರೆ, ಒಂದು ನಿಮಿಷ ಉಸಿರು ಎಣಿಸುತ್ತಾರೆ. ತೂಗಿದರೆ ದೃಷ್ಟಿಯಾಗುತ್ತೆ ಅಂತ ಅಜ್ಜಿ ತಡೆಯಬಹುದು. ಬೇಕಾದರೆ ಆಮೇಲೆ ದೃಷ್ಟಿ ತೆಗೆಯಲಿ, ತೂಕ ಮಾತ್ರ ಬಿಡಬೇಡಿ. ಹುಟ್ಟಿದಾಗ ಎರಡೂವರೆ ಕಿಲೋಗಿಂತ ಕಡಿಮೆ ಇದ್ದ ಮಗುವಿಗಂತೂ ಇದು ಬಹಳ ಮುಖ್ಯ. ಎಣ್ಣೆ ನೀರು, ಜೇನುತುಪ್ಪ, ಹೊಕ್ಕುಳಿಗೆ ಏನು ಹಚ್ಚಬೇಕು, ಎಲ್ಲವನ್ನೂ ಸಂಕೋಚವಿಲ್ಲದೆ ಕೇಳಿ. ಜೇನು ಬೇಡ, ಹೊಕ್ಕುಳಿಗೆ ಏನೂ ಹಚ್ಚಬೇಡಿ ಅಂತಲೇ ಅವರು ಹೇಳುವುದು, ಅಜ್ಜಿಯೂ ಪಕ್ಕದಲ್ಲೇ ಕೂತು ಕೇಳಲಿ!

ಮಗು ಹಾಲು ಕುಡಿಯದಿದ್ದರೆ, ಮೈ ತಣ್ಣಗಾದರೆ, ಉಸಿರೆಳೆದಾಗ ಎದೆ ಒಳಗೆ ಹೋದರೆ, ನಿಮಿಷಕ್ಕೆ 60 ಅಥವಾ ಜಾಸ್ತಿ ಸಲ ಉಸಿರಾಡಿದರೆ ಮುಂದಿನ ಭೇಟಿವರೆಗೆ ಕಾಯಬೇಡಿ. 108ಕ್ಕೆ ಫೋನ್ ಮಾಡಿ. ಒಂದು ವರ್ಷದೊಳಗಿನ ಮಗುವಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಉಚಿತ, ಹೋಗಿಬರುವ ಗಾಡಿಯೂ ಅಷ್ಟೇ.

ಆಶಾ ಬರಲೇ ಇಲ್ವಾ? ನೀವೇ ಕರೆಯಿರಿ, ಮುಜುಗರ ಬೇಡ. ಕೇಂದ್ರದ ನಿಯಮದಂತೆ ಈ ಭೇಟಿಗಳನ್ನೆಲ್ಲ ಮುಗಿಸಿ ಫಾರಂ ತುಂಬಿದರೆ ಅವರಿಗೆ ಸಿಗುವುದು ಒಟ್ಟು 250 ರೂಪಾಯಿ. ಇಷ್ಟು ಓಡಾಟಕ್ಕೆ ಅದು ಏನೇನೂ ಅಲ್ಲ, ಆದರೆ ನಿಮ್ಮ ಮಗು ಲೆಕ್ಕದಿಂದ ತಪ್ಪಿದರೆ ಅದೂ ಇಲ್ಲ. ಕರೆದರೂ ಬರದಿದ್ದರೆ ಉಪಕೇಂದ್ರದ ಸಿಸ್ಟರ್‌ಗೆ ಹೇಳಿ.

42 ದಿನಕ್ಕೆ ಎಲ್ಲ ಮುಗಿಯಲಿಲ್ಲ. 3, 6, 9, 12, 15ನೇ ತಿಂಗಳಲ್ಲೂ ಮನೆ ಭೇಟಿ ಇದೆ. ಅಷ್ಟರಲ್ಲಿ ನೀವು ಗಂಡನ ಮನೆಗೆ ಮರಳಿರುತ್ತೀರಿ, ಅಲ್ವಾ? ಹೊರಡುವ ಮುಂಚೆ ತವರಿನ ಆಶಾರಿಂದ ತೂಕ, ಲಸಿಕೆ ಎಲ್ಲವನ್ನೂ ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಿ, ಗಂಡನ ಊರು ತಲುಪಿದ ಒಂದು ವಾರದೊಳಗೆ ಅಲ್ಲಿಯ ಆಶಾಗೆ ತೋರಿಸಿ.