ಬೊಗ್ಗಿ ಬೈಕ್ ಹತ್ತಿದ ಮೇಲೆ ನಮ್ಮ ಟೈಮ್‌ಟೇಬಲ್

ಬೊಗ್ಗಿ ಊರ ನಾಯಿ. ಜಾತಿ ನಾಯಿ ಅಂತ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಕಂದು ಮೈ, ನೆಟ್ಟಗೆ ನಿಲ್ಲುವ ಕಿವಿ, ತೂಕ 14 ಕಿಲೋ. ಕಾಸರಗೋಡಿನ ಬದಿಯಡ್ಕದ ಹತ್ತಿರ ಅಡಿಕೆ ತೋಟದ ನಡುವೆ ನಮ್ಮ ಮನೆ. ನನಗೂ ಹೆಂಡತಿಗೂ ಸುತ್ತುವ ಹುಚ್ಚು. ನನ್ನದು ಹಿಮಾಲಯನ್ 411 ಬೈಕು, ಅವಳದ್ದು ಸ್ಕೂಟರು. ಹಿಂದೆಲ್ಲ ನಾವು ಹೊರಟರೆ ಬೊಗ್ಗಿಯನ್ನು ಪಕ್ಕದ ಮನೆಯವರಿಗೆ ಹೇಳಿ, ಜಗಲಿಯಲ್ಲಿ ಕಟ್ಟಿ ಹೋಗುತ್ತಿದ್ದೆವು. ಈಗ ಮುಳಿಯಾರು, ಕಾರಡ್ಕ ಕಡೆಯಲ್ಲಿ ಚಿರತೆಯ ಸುದ್ದಿ. ಚಿರತೆಗೆ ಕಟ್ಟಿಹಾಕಿದ ನಾಯಿಗಿಂತ ಸುಲಭದ ಊಟ ಬೇರೆ ಇಲ್ಲ. ಹಾಗಾಗಿ ಒಂದೋ ನಾವು ಮನೆಯಲ್ಲೇ ಕೂರಬೇಕು, ಇಲ್ಲ ಬೊಗ್ಗಿಯೂ ಬರಬೇಕು.

ಮೊದಲು ಬೈಕಿನಲ್ಲಿ ಬೊಗ್ಗಿ ಕೂರುವ ಪೆಟ್ಟಿಗೆಯ ವಿಷಯ ಹೇಳುತ್ತೇನೆ. ಎಲ್ಲರೂ ಕೇಳುವುದು ಅದನ್ನೇ.

ಟ್ಯಾಂಕಿನ ಮೇಲೆ ಕೂರಿಸುವುದು, ಕಾಲಿನ ಸಂದಿಯಲ್ಲಿ ನಿಲ್ಲಿಸುವುದು ಇದೆಲ್ಲ ನಮ್ಮ ರಸ್ತೆಯಲ್ಲಿ ತುಂಬ ಕಾಣುತ್ತದೆ. ಪೇಟೆಗೆ ಹೋಗಿ ಬರುವಷ್ಟಕ್ಕೆ ಜನ ಹಾಗೆ ಮಾಡುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಗಕ್ಕನೆ ಬ್ರೇಕ್ ಹಾಕಿದರೆ ನಾಯಿ ಮುಂದಕ್ಕೆ ಹಾರುತ್ತದೆ, ಹ್ಯಾಂಡಲ್ ಕೂಡ ಅದರ ಜೊತೆಗೇ ತಿರುಗುತ್ತದೆ. ನಾನು ಮಾಡಿಸಿದ್ದು ಹಿಂದಿನ ಸೀಟಿನ ಜಾಗಕ್ಕೆ ಕೂರುವ ಪೆಟ್ಟಿಗೆ. ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಪಟ್ಟಿಯ ಚೌಕಟ್ಟು ಮಾಡಿಸಿ, ಹಿಂದಿನ ಕ್ಯಾರಿಯರ್ ಇರುವ ಬೋಲ್ಟಿಗೇ ಬಿಗಿ ಮಾಡಿದೆ. ಅದರ ಮೇಲೆ 12 ಮಿಲಿಮೀಟರಿನ ವಾಟರ್‌ಪ್ರೂಫ್ ಪ್ಲೈವುಡ್. ಅಡಿಗೆ ಹಳೆಯ ಯೋಗ ಮ್ಯಾಟ್ ಕತ್ತರಿಸಿ ಅಂಟಿಸಿದ್ದೇನೆ. ಉಗುರು ಜಾರದಿದ್ದರೆ ನಾಯಿಗೆ ಅರ್ಧ ಭಯ ಹೋದ ಹಾಗೆ. ಬೈಕಿನ ಚಾಸಿಗೆ ಏನೂ ವೆಲ್ಡ್ ಮಾಡಿಸಿಲ್ಲ, ಬೋಲ್ಟ್ ಬಿಚ್ಚಿದರೆ ಬೈಕು ಮೊದಲಿನಂತೆಯೇ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯ ಮೂಲ ರಚನೆ ಬದಲಿಸುವುದಕ್ಕೆ ಅಡ್ಡ ಬರುತ್ತದೆ. ಸೈಡ್‌ಕಾರ್ ಆಸೆ ನನಗೂ ಇತ್ತು, ಆರ್‌ಸಿ ತಿದ್ದಿಸುವ ಓಡಾಟ ನೆನೆದು ಸುಮ್ಮನಾದೆ.

ಗೋಡೆಯ ಎತ್ತರ ನಾಯಿ ಕೂತಾಗ ಅದರ ಹೆಗಲಿನವರೆಗೆ ಬರಬೇಕು. ಕಮ್ಮಿಯಾದರೆ ಹಾರುತ್ತದೆ, ಜಾಸ್ತಿಯಾದರೆ ಏನೂ ಕಾಣದೆ ಗಾಬರಿಯಾಗುತ್ತದೆ. ಕಟ್ಟುವುದು ಎದೆಪಟ್ಟಿಗೆ, ಕತ್ತಿನ ಬೆಲ್ಟಿಗೆ ಅಲ್ಲವೇ ಅಲ್ಲ. ಕತ್ತಿಗೆ ಕಟ್ಟಿದ ನಾಯಿ ಪೆಟ್ಟಿಗೆಯಿಂದ ಹೊರಗೆ ಹಾರಿದರೆ ಅದು ನೇಣು. ಎದೆಪಟ್ಟಿಯ ಬೆನ್ನಿನ ರಿಂಗಿಗೆ ಎಡದಿಂದ ಒಂದು, ಬಲದಿಂದ ಒಂದು ಗಿಡ್ಡ ಪಟ್ಟಿ ಹಾಕುತ್ತೇನೆ. ಕೂರಲು, ಮುದುಡಿ ಮಲಗಲು ಆಗಬೇಕು, ಮುಂಗಾಲನ್ನು ಅಂಚಿನ ಹೊರಗೆ ಇಡಲು ಆಗಬಾರದು. ಅಷ್ಟೇ ಉದ್ದ.

ಈ ಪೆಟ್ಟಿಗೆ ತಿಂಗಳಾನುಗಟ್ಟಲೆ ಅಂಗಳದಲ್ಲೇ ಇತ್ತು. ಬೊಗ್ಗಿಯ ಊಟ ಅದರಲ್ಲೇ, ಮಧ್ಯಾಹ್ನದ ನಿದ್ದೆಯೂ ಅದರಲ್ಲೇ. ಆಮೇಲೆ ಬೈಕಿನ ಮೇಲೆ ಏರಿಸಿ, ಸ್ಟ್ಯಾಂಡ್ ಹಾಕಿ, ಎಂಜಿನ್ ಆಫ್. ಮುಂದೆ ಎಂಜಿನ್ ಆನ್, ಗಾಡಿ ನಿಂತಲ್ಲೇ. ಅವಳು ಆಕಳಿಸಿದರೆ, ನಾಲಿಗೆಯಿಂದ ಮೂಗು ನೆಕ್ಕಿದರೆ, ಕಿವಿ ಹಿಂದಕ್ಕೆ ಮಲಗಿಸಿದರೆ ಅದು ನಿದ್ದೆ ಬಂದು ಅಲ್ಲ, ಹೆದರಿಕೆ. ಅಂಥ ದಿನ ಅಲ್ಲಿಗೇ ನಿಲ್ಲಿಸುವುದು. ಪಕ್ಕದ ಮನೆಯ ಭಾವ ದಿನಾ ಬೇಲಿಯ ಆಚೆಯಿಂದ ನೋಡುವವರು, ಒಂದು ದಿನ ತಡೆಯಲಾರದೆ ಕೇಳಿಯೇ ಬಿಟ್ಟರು. "ಎಂತ ಭಾವಾ, ಗಾಡಿ ಸ್ಟಾರ್ಟ್ ಆದರೂ ಹೊರಡುವುದು ಕಾಣುವುದಿಲ್ಲ, ಪೆಟ್ರೋಲಿಗೆ ಬೆಲೆ ಇಲ್ಲವಾ?"

ಹತ್ತಿಸುವುದಕ್ಕೂ ಒಂದು ಕ್ರಮ ಬೇಕು. ಹಿಂದೆ ಪೆಟ್ಟಿಗೆ ಇದ್ದರೆ ನಾವು ಕಾಲು ಬೀಸಿ ಹತ್ತಲು ಆಗುವುದಿಲ್ಲ. ನಾನು ಮೊದಲು ಹತ್ತಿ ಗಾಡಿ ಗಟ್ಟಿ ಹಿಡಿಯುತ್ತೇನೆ. ಗೇಟಿನ ಪಕ್ಕದ ಮುರಕಲ್ಲಿನ (ಜಂಬಿಟ್ಟಿಗೆಯ) ಕಟ್ಟೆಯ ಮೇಲೆ ಬೊಗ್ಗಿ ಕಾಯುತ್ತಾಳೆ. "ಹತ್ತು" ಅಂದಾಗ ಮಾತ್ರ ಪೆಟ್ಟಿಗೆಗೆ ಕಾಲಿಡುತ್ತಾಳೆ. ಹೆಂಡತಿ ಎರಡೂ ಕೊಕ್ಕೆ ಸಿಕ್ಕಿಸಿ ಎಳೆದು ನೋಡಿ, ನನ್ನ ಬೆನ್ನಿಗೆ ಒಮ್ಮೆ ತಟ್ಟುತ್ತಾಳೆ. ಆ ತಟ್ಟು ಬೀಳದೆ ಗೇರ್ ಬೀಳುವುದಿಲ್ಲ. ದಾರಿಯಲ್ಲಿ ಅವಳ ಸ್ಕೂಟರು ಹಿಂದೆಯೇ ಇರುತ್ತದೆ, ಯಾಕೆಂದರೆ ನಾಯಿ ನನ್ನ ಕನ್ನಡಿಯಲ್ಲಿ ಪೂರ್ತಿ ಕಾಣುವುದಿಲ್ಲ. ಒಂದು ಹಾರ್ನ್ ಅಂದರೆ ನಿಧಾನ, ಎರಡು ಅಂದರೆ ನಿಲ್ಲಿಸು.

ಕಣ್ಣಿಗೆ ನಾಯಿಗಳ ಕನ್ನಡಕ ಹಾಕುತ್ತೇನೆ. ಪೇಟೆಯಲ್ಲಿ ಫೋಟೊ ತೆಗೆಯುವವರು ಜಾಸ್ತಿ, ಆದರೆ ಅದು ಫೋಟೊಕ್ಕಲ್ಲ. ಹೆದ್ದಾರಿ 66ರ ಆರು ಪಥದ ಕೆಲಸ ಶುರುವಾದ ಮೇಲೆ ಹಾರಿದ ಧೂಳು ಇಲ್ಲಿಯವರಿಗೆ ಹೇಳಬೇಕಾ? ಒಂದು ಕಣ ಕಣ್ಣಿಗೆ ಬಿದ್ದರೆ ನಾಯಿ ಕಾಲಿನಿಂದ ಕೆರೆದು ಹುಣ್ಣು ಮಾಡಿಕೊಳ್ಳುತ್ತದೆ. ಕಿವಿಗೆ ಹತ್ತಿ ತುರುಕಬಾರದು, ಒಳಗೆ ಹೋದರೆ ತೆಗೆಯುವುದು ಕಷ್ಟ. ಬಿಗಿ ಬಟ್ಟೆಯ ಟೊಪ್ಪಿಯಂಥದ್ದು ಸಾಕು. ಸೈಲೆನ್ಸರ್ ಬದಲಿಸಿ ಡಬ ಡಬ ಮಾಡಿಕೊಂಡವರು ನಾಯಿ ಕೂರಿಸುವ ಆಸೆ ಬಿಡಲಿ. ನಮಗೆ ಕೇಳದ ಎತ್ತರದ ಸದ್ದೂ ಅವಕ್ಕೆ ಕೇಳುತ್ತದೆ, ಅವುಗಳ ಮಿತಿ ಹೆಚ್ಚುಕಮ್ಮಿ 45 ಕಿಲೋಹರ್ಟ್ಸ್, ನಮ್ಮದು 20.

ಇಷ್ಟೆಲ್ಲ ಒಮ್ಮೆ ಮಾಡಿಕೊಂಡರೆ ಮುಗಿಯಿತು. ಮುಗಿಯದೆ ಇರುವುದು ಬಿಸಿಲಿನ ಲೆಕ್ಕ. ನಮ್ಮ ಪ್ರಯಾಣದ ಟೈಮು, ದೂರ, ಊಟ, ನಿಲ್ಲುವ ಜಾಗ ಎಲ್ಲವನ್ನೂ ಈಗ ಬಿಸಿಲೇ ಹೇಳುತ್ತದೆ.

ನಾಯಿ ಬೆವರುವುದು ಪಾದದ ಅಡಿಯಲ್ಲಿ ಮಾತ್ರ, ಅದೂ ಸ್ವಲ್ಪ. ಮೈ ತಣಿಸಿಕೊಳ್ಳುವುದು ಏದುಸಿರಿನಿಂದ. ನಾಲಿಗೆಯ ಪಸೆ ಆರಿದರೆ ತಾನೆ ತಂಪು? ನಮ್ಮ ಕರಾವಳಿಯ ಸೆಕೆಯಲ್ಲಿ ಒದ್ದೆ ಬಟ್ಟೆಯೇ ಒಣಗುವುದಿಲ್ಲ, ನಾಲಿಗೆ ಎಲ್ಲಿಂದ ಆರಬೇಕು! ಅವುಗಳ ಮೈಬಿಸಿ ಸಹಜವಾಗಿಯೇ 38.3ರಿಂದ 39.2 ಡಿಗ್ರಿ ಸೆಲ್ಸಿಯಸ್. 41 ದಾಟಿದರೆ ಜೀವಕ್ಕೇ ಅಪಾಯ. ನಡುವೆ ಇರುವುದು ಎರಡು ಡಿಗ್ರಿ. ಬೈಕ್ ಓಡುವಾಗ ಗಾಳಿ ಇರುತ್ತದೆ, ಗೊತ್ತಾಗುವುದಿಲ್ಲ. ಗೇಟೋ ಬ್ಲಾಕೋ ಸಿಕ್ಕಿ ನಿಂತಾಗ ಮೇಲಿನಿಂದ ಬಿಸಿಲು, ಕೆಳಗಿನಿಂದ ಸೈಲೆನ್ಸರಿನ ಝಳ. ಅದಕ್ಕೇ ಮಾರ್ಚಿನಿಂದ ಮೇ ತನಕ ಬೆಳಿಗ್ಗೆ ಒಂಬತ್ತೂವರೆಗೆ ಬೈಕು ನೆರಳಿಗೆ ಬರಬೇಕು, ಮತ್ತೆ ಎಬ್ಬಿಸುವುದು ನಾಲ್ಕೂವರೆ ಮೇಲೆ. ಮುಕ್ಕಾಲು ಗಂಟೆಗೊಮ್ಮೆ ನಿಲ್ಲಿಸಿ ನೀರು.

ಒಸಡು ಕಡು ಕೆಂಪಾಗಿದೆಯಾ, ಜೊಲ್ಲು ಅಂಟಂಟಾಗಿದೆಯಾ, ನಡಿಗೆ ತೂರಾಡುತ್ತದಾ ಅಂತ ನಿಂತಾಗೆಲ್ಲ ನೋಡುತ್ತೇನೆ. ಹಾಗೆ ಕಂಡರೆ ಹೊಟ್ಟೆಗೆ, ತೊಡೆಯ ಸಂದಿಗೆ, ಪಾದಕ್ಕೆ ನೀರು ಹೊಯ್ದು ಗಾಳಿ ಬೀಸಬೇಕು, ಹಾಗೆಯೇ ಡಾಕ್ಟರ ಹತ್ತಿರ ಓಡಬೇಕು. ಒದ್ದೆ ಟವೆಲ್ ಹೊದೆಸಿ ಬಿಡುವುದು ಬೇಡ, ಸ್ವಲ್ಪ ಹೊತ್ತಿನಲ್ಲಿ ಅದೇ ಬಿಸಿಯಾಗಿ ಶಾಖವನ್ನು ಒಳಗೇ ಹಿಡಿಯುತ್ತದೆ.

ಪಾದದ ಮಾತು ಬೇರೆಯೇ ಇದೆ. ಇಳಿಸುವ ಮೊದಲು ಅಂಗೈಯ ಹಿಂಬದಿಯನ್ನು ನೆಲಕ್ಕೆ ಒತ್ತಿ ಏಳು ಎಣಿಸುತ್ತೇನೆ. ಇಡಲಾಗದಿದ್ದರೆ ನಾಯಿಯೂ ಇಡಬಾರದು. ಡಾಂಬರಿಗೆ ಎಲ್ಲರೂ ಹೆದರುತ್ತಾರೆ, ನಮ್ಮ ಪಾರೆಯನ್ನು, ಅಂದರೆ ಬಯಲು ಬಂಡೆಯನ್ನು, ಮರೆಯುತ್ತಾರೆ. ಕಾಸರಗೋಡಿನ ಮುರಕಲ್ಲಿನ ಪದವುಗಳಲ್ಲಿ ಮೇಲ್ಮೈ ಕಪ್ಪಗೆ ಗಟ್ಟಿಯಾಗಿರುತ್ತದೆ. ಇಡೀ ದಿನ ಕುಡಿದ ಬಿಸಿಯನ್ನು ಸಂಜೆಯಾದರೂ ಬಿಡುವುದಿಲ್ಲ. ಧರ್ಮತ್ತಡ್ಕದ ಹತ್ತಿರದ ಪೊಸಡಿಗುಂಪೆಗೆ ನಾವು ಹೋಗುವುದು ಇದೇ ಕಾರಣಕ್ಕೆ ಬೆಳಗಿನ ಹೊತ್ತು. ಸಮುದ್ರಮಟ್ಟದಿಂದ 1060 ಅಡಿ, ಪಡುವಣಕ್ಕೆ ಕಡಲು, ಮೋಡ ಇಲ್ಲದಿದ್ದರೆ ಮೂಡಣಕ್ಕೆ ಘಟ್ಟದ ಸಾಲು. ಸೂರ್ಯಾಸ್ತ ಚೆಂದವಂತೆ, ಇರಲಿ. ಭಾನುವಾರ ಸಂಜೆ ಅಲ್ಲಿ ಒಡೆದ ಬಾಟಲಿಯ ಚೂರೂ ಇರುತ್ತದೆ. ಒಮ್ಮೆ ಬೊಗ್ಗಿಯ ಪಾದದ ಮೆತ್ತೆಯ ನಡುವೆ ಹಸಿರು ಗಾಜಿನ ತುಣುಕೊಂದು ಸಿಕ್ಕಿತ್ತು, ಅಕ್ಕಿಕಾಳಿನಷ್ಟು. ಕುಂಟಲಿಲ್ಲ, ಬರೀ ನೆಕ್ಕುತ್ತಿದ್ದಳು. ಆವತ್ತಿನಿಂದ ನೆಕ್ಕಿದರೆ ಟಾರ್ಚ್ ಹಾಕಿ ನೋಡುವುದು.

ಮಧ್ಯಾಹ್ನ ಕಳೆಯುವುದಕ್ಕೆ ನಮ್ಮ ಕಡೆಯಲ್ಲಿ ಸುರಂಗಕ್ಕಿಂತ ಒಳ್ಳೆಯ ಜಾಗ ಇಲ್ಲ. ಹೊರಗಿನವರಿಗೆ ಹೇಳುವುದಾದರೆ, ಗುಡ್ಡದ ಹೊಟ್ಟೆಗೆ ಅಡ್ಡಕ್ಕೆ ಕೊರೆದ ಬಾವಿ ಅದು. ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟು ಅಗಲ. ಒಳಗೆ ಒಸರುವ ನೀರು ಪಂಪಿಲ್ಲದೆ ತಾನೇ ಇಳಿದು ಕೆಳಗಿನ ಟ್ಯಾಂಕಿಗೆ ಬರುತ್ತದೆ. ಬಾಯಾರು, ಪಡ್ರೆ ಕಡೆಯ ನೆಂಟರ ಮನೆಗಳಲ್ಲಿ ಈಗಲೂ ಕುಡಿಯುವುದು ಅದೇ ನೀರು. ಬೇಸಿಗೆಯಲ್ಲೂ ಸುರಂಗದ ಬಾಯಿಯ ಮಣ್ಣು ಒದ್ದೆಯಾಗಿರುತ್ತದೆ. ಬೊಗ್ಗಿ ಅಲ್ಲಿ ಹೊಟ್ಟೆ ಅಂಟಿಸಿ, ಹಿಂಗಾಲು ಎರಡೂ ಹಿಂದಕ್ಕೆ ಚಾಚಿ, ಕಪ್ಪೆಯ ಹಾಗೆ ಬಿದ್ದುಕೊಳ್ಳುತ್ತಾಳೆ. ಒಳಗೆ ಮಾತ್ರ ಬಿಡುವುದಿಲ್ಲ. ಬಾವಲಿ, ಹಾವು ಇರುತ್ತವೆ, ಅದಕ್ಕಿಂತ ಮೊದಲು ಅದು ಒಂದು ಮನೆಯ ಕುಡಿಯುವ ನೀರು. ನಾಯಿಗೆ ಬೇರೆ ತಟ್ಟೆಯಲ್ಲಿ ಹಿಡಿದು ಕೊಡುತ್ತೇವೆ. ನೆಂಟರ ಮನೆಯ ಪಾಯಸದಲ್ಲಿ ಮಾತ್ರ ನಾನು ಬಿಗಿ. ಒಣದ್ರಾಕ್ಷಿ ನಾಯಿಯ ಕಿಡ್ನಿಗೆ ವಿಷ. "ಒಂದು ಚೂರು ತಿನ್ನಲಿ ಪಾಪ, ಎಂತ ಆಗ್ತದೆ" ಅನ್ನುವ ಅಜ್ಜಿಯನ್ನು ಒಪ್ಪಿಸುವುದು ಬೈಕ್ ಓಡಿಸುವುದಕ್ಕಿಂತ ಕಷ್ಟ.

ಕಡಲ ಬದಿಗೂ ಹೋಗುತ್ತೇವೆ. ಮಂಜೇಶ್ವರದ ಕಣ್ವತೀರ್ಥ ನಮಗೆ ಇಷ್ಟ, ಬೇಕಲದಷ್ಟು ಜನ ಇಲ್ಲ. ಉಪ್ಪುನೀರು ಕುಡಿದರೆ ವಾಂತಿ, ಭೇದಿ ಗ್ಯಾರಂಟಿ, ಹಾಗಾಗಿ ಮೊದಲೇ ಹೊಟ್ಟೆ ತುಂಬ ಸಿಹಿನೀರು ಕೊಡಬೇಕು. ಬಲೆಯಿಂದ ಎಸೆದ ಮೀನಿನ ಮೇಲೂ ಕಣ್ಣಿರಲಿ. ಮೈ ಉಬ್ಬಿಸಿಕೊಳ್ಳುವ ಆ ಮುಳ್ಳು ಮೀನು ಸತ್ತು ಒಣಗಿದರೂ ವಿಷವೇ.

ದೂರದ ದಾರಿ ಅಂದರೆ ನಮಗೆ ಮಡಿಕೇರಿ. ಮುಳ್ಳೇರಿಯ, ಆದೂರು ದಾಟಿ ಜಾಲ್ಸೂರು, ಅಲ್ಲಿಂದ ಸುಳ್ಯ, ಸಂಪಾಜೆ, ಘಾಟಿ. ಇಲ್ಲಿ ಒಂದು ಪೇಚು ಇದೆ. ಬಿಸಿಲು ಹೇಳುತ್ತದೆ ಕತ್ತಲಿರುವಾಗಲೇ ಹೊರಡು ಅಂತ. ಕಾರಡ್ಕ, ದೇಲಂಪಾಡಿ ಕಡೆಯ ಆನೆ ಹೇಳುತ್ತದೆ ಬೆಳಕು ಹರಿಯಲಿ ಅಂತ. ಆನೆಯ ಮಾತನ್ನೇ ಕೇಳುವುದು. ನಾಯಿ ಒಂದು ಬೊಗಳಿದರೆ ಸಾಕು, ಸುಮ್ನೆ ನಿಂತ ಆನೆಯೂ ತಿರುಗುತ್ತದೆ. ಹಾಗಾಗಿ ಆ ತುಂಡನ್ನು ಚೆನ್ನಾಗಿ ಬೆಳಕಾದ ಮೇಲೆ ದಾಟಿ, ಸುಳ್ಯದಲ್ಲಿ ಚಹಾಕ್ಕೂ ನಿಲ್ಲದೆ, ಬಿಸಿಲು ಏರುವ ಮೊದಲೇ ಸಂಪಾಜೆ ಮುಟ್ಟುವ ಲೆಕ್ಕ. ಅಲ್ಲಿಂದ ಮೇಲೆ ಗಾಳಿಯೇ ಬದಲಾಗುತ್ತದೆ, ಮಡಿಕೇರಿ 1100 ಮೀಟರಿಗಿಂತ ಎತ್ತರ ಅಲ್ವಾ. ಘಾಟಿಯ ತಿರುವಿಗೆ ನಾಯಿಗೂ ಹೊಟ್ಟೆ ತೊಳೆಸುತ್ತದೆ. ಹೊರಡುವ ಮೂರು ನಾಲ್ಕು ಗಂಟೆ ಮೊದಲು ಊಟ ನಿಲ್ಲಿಸುತ್ತೇವೆ, ದಾರಿಯಲ್ಲಿ ನೀರು ಮಾತ್ರ. ತಲುಪಿದ ಮೇಲೆ ಗಂಜಿ ಅನ್ನ, ಬೇಯಿಸಿದ ಮೊಟ್ಟೆ. ತಿರುವಿನಲ್ಲಿ ನಾನು ವಾಲಿದಾಗ ಬೊಗ್ಗಿ ಈಗ ತಾನೂ ಒಳಬದಿಗೆ ವಾಲುತ್ತಾಳೆ. ಯಾರೂ ಕಲಿಸಿದ್ದಲ್ಲ.

ಜೊತೆಗೆ ಲಸಿಕೆಯ ಪುಸ್ತಕ ಇರುತ್ತದೆ, ಪಂಚಾಯತಿನ ಲೈಸೆನ್ಸೂ ಇರುತ್ತದೆ. ಕೇರಳದಲ್ಲಿ ಸಾಕುನಾಯಿಗೆ ಲೈಸೆನ್ಸ್ ಬೇಕೇ ಬೇಕು, ರೇಬಿಸ್ ಚುಚ್ಚುಮದ್ದು ಆಗಿರದೆ ಅದು ಸಿಗುವುದಿಲ್ಲ. ಇಲಿಜ್ವರದ್ದನ್ನೂ ದನದ ಆಸ್ಪತ್ರೆಯ ಡಾಕ್ಟರ ಹತ್ತಿರ ಕೇಳಿ ವರ್ಷಕ್ಕೊಮ್ಮೆ ಹಾಕಿಸುತ್ತೇವೆ, ತೋಟದ ಕಣಿಯ ನೀರು ಕುಡಿಯುವ ನಾಯಿಗೆ ಅದು ಅಗತ್ಯ.

ರಾಣಿಪುರಂನಂಥ ಕಾಡಿಗೆ ಅವಳನ್ನು ಒಯ್ಯುವುದಿಲ್ಲ. "ನಮ್ಮದು ಪಾಪದ ನಾಯಿ, ಏನೂ ಮಾಡುವುದಿಲ್ಲ" ಅನ್ನುವವರಿದ್ದಾರೆ. ಪ್ರಶ್ನೆ ಕಚ್ಚುವುದರದ್ದಲ್ಲ. 2018ರಲ್ಲಿ ಗಿರ್ ಕಾಡಿನಲ್ಲಿ ಸಿಂಹಗಳು ಸತ್ತಾಗ ಅವುಗಳಲ್ಲಿ ಸಿಕ್ಕಿದ್ದು ಡಿಸ್ಟೆಂಪರ್ ವೈರಸ್, ನಾಯಿಗಳಲ್ಲಿ ಇರುವ ಅದೇ ರೋಗ. ಮಡಿಕೇರಿಯಲ್ಲೂ ಕಾಫಿ ತೋಟದಲ್ಲಿ ಹಗ್ಗ ಬಿಚ್ಚುವುದಿಲ್ಲ. ಹಂದಿಗೆ ಇಟ್ಟ ಉರುಳು ಯಾವ ಬೇಲಿಯಲ್ಲಿ ಇದೆಯೋ ಗೊತ್ತಾಗದು. ಹೋಮ್‌ಸ್ಟೇಯವರಿಗೆ ಫೋನ್ ಮಾಡುವಾಗ "ನಾಯಿ ತರಬಹುದಾ" ಅಂತ ಮಾತ್ರ ಕೇಳಬೇಡಿ, "ನಿಮ್ಮಲ್ಲಿ ನಾಯಿ ಇದೆಯಾ" ಅಂತಲೂ ಕೇಳಿ. ಇದ್ದರೆ ಎರಡನ್ನೂ ಅವರ ಅಂಗಳದಲ್ಲಿ ಎದುರುಬದುರು ನಿಲ್ಲಿಸುವುದಲ್ಲ, ಹೊರಗಿನ ರಸ್ತೆಯಲ್ಲಿ ಅಕ್ಕಪಕ್ಕ ನಡೆಸಿಕೊಂಡು ಒಳಗೆ ಬರುವುದು.

ರಾತ್ರಿ ಉಣುಗು ಹುಡುಕುವ ಕೆಲಸ ಹೆಂಡತಿಯದ್ದು, ಟಾರ್ಚ್ ಹಿಡಿಯುವುದು ನಾನು. ಕಿವಿಯ ಒಳಮಡಿಕೆ, ಬೆರಳ ಸಂದಿ, ಕಂಕುಳು, ಬಾಲದ ಬುಡ. ಚಿಮಟದಿಂದ ಚರ್ಮದ ಹತ್ತಿರವೇ ಹಿಡಿದು ನೇರ ಎಳೆಯಬೇಕು. ಸೀಮೆಎಣ್ಣೆ ಬಿಡುವುದು, ಬೀಡಿಯಿಂದ ಸುಡುವುದು ಬೇಡ. ಬೆದರಿದ ಉಣುಗು ಹೊಟ್ಟೆಯಲ್ಲಿದ್ದದ್ದನ್ನು ಗಾಯಕ್ಕೇ ಕಕ್ಕುತ್ತದೆ.

ಜೂನ್ ಬಂದರೆ ಪೆಟ್ಟಿಗೆ ಬಿಚ್ಚಿ ಇಡುತ್ತೇವೆ. ಒದ್ದೆ ರಸ್ತೆಯಲ್ಲಿ ಹಿಂಚಕ್ರದ ಮೇಲೆ ಅಷ್ಟು ಭಾರ ಕೂರಿಸಿಕೊಂಡು ಹೋಗುವ ಧೈರ್ಯ ನನಗಿಲ್ಲ. ಪೆಟ್ರೋಲಿನ ಲೆಕ್ಕ ಕೇಳಿದ ಭಾವನೇ ಮೊನ್ನೆ ಬಂದು, ಮಳೆಗಾಲದಲ್ಲಿ ಹೇಗೂ ಸುಮ್ನೆ ಬಿದ್ದಿರುತ್ತದಲ್ಲ, ಪೆಟ್ಟಿಗೆ ಒಮ್ಮೆ ಕೊಡು ಅಂದರು. ಅವರದ್ದು ಲ್ಯಾಬ್ರಡಾರ್, ಮೂವತ್ತು ಕಿಲೋ ಮೇಲಿದೆ. ಅದಕ್ಕೆ ಬೈಕು ಬೇಡ, ಕಾರೇ ಸರಿ ಅಂದೆ.