ಮಾವಿನ ಕಾಲದಲ್ಲಿ ಅವರೆಕಾಳು ಸಾರು

ಹೋದ ಮೇ ತಿಂಗಳಲ್ಲಿ ಒಂದು ಮಧ್ಯಾಹ್ನ ನಮ್ಮನೇಲಿ ಮುದ್ದೆ, ಅವರೆಕಾಳು ಸಾರು. ಹೊರಗೆ ಮಾವಿನಹಣ್ಣು ರಾಶಿ ಬಿದ್ದಿತ್ತು, ಒಳಗೆ ಸಂಕ್ರಾಂತಿಯ ಸೊಗಡು. ಅತ್ತೆ ಎರಡನೇ ಸಲ ಸಾರು ಹಾಕಿಸಿಕೊಂಡು, "ಸೊಗಡು ಪೂರ್ತಿ ಹೋಗಿಲ್ಲ ಕಣೇ" ಅಂದರು. ಅವರ ಬಾಯಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಬರಲ್ಲ. ಆ ಕಾಳು ಜನವರಿಯಲ್ಲೇ ಜಾಡಿಗೆ ತುಂಬಿಟ್ಟದ್ದು. ಜಾಡಿಗಳನ್ನು ಒತ್ತಡದ ಹಬೆಯಲ್ಲಿ ಬೇಯಿಸಿ ತಿಂಗಳುಗಟ್ಟಲೆ ಕೆಡದ ಹಾಗೆ ಮಾಡೋ ಕ್ಯಾನರ್ ಮೂರು ವರ್ಷದ ಹಿಂದೆ ಮನೆಗೆ ಬಂದಾಗ ಇವರೇ, "ಅವರೆ ಕಾಲದಲ್ಲಿ ಅವರೆ, ಮಾವಿನ ಕಾಲದಲ್ಲಿ ಮಾವು. ಈ ಹಂಡೆಗೆ ಸುರಿದ ದುಡ್ಡಲ್ಲಿ ಒಂದು ಮೂಗುಬೊಟ್ಟು ಬರ್ತಿತ್ತು" ಅಂದಿದ್ದರು.

ಹಂಡೆ ಅಂದದ್ದು ಪ್ರೆಸ್ಟೋ ಕಂಪನಿಯ, ಸುಮಾರು 22 ಲೀಟರ್ ಹಿಡಿಯೋ 23 ಕ್ವಾರ್ಟ್‌ನದು. ನ್ಯೂಜೆರ್ಸಿಯಲ್ಲಿರೋ ತಂಗಿ ಊರಿಗೆ ಬರುವಾಗ ಅದರೊಳಗೇ ಬಟ್ಟೆ ತುಂಬಿಕೊಂಡು ತಂದಳು. ಹತ್ತು ಸಾವಿರದ ಆಸುಪಾಸು ಆಗಿರಬೇಕು. ಎರಡು ಸಲ ಬಂದಾಗ ಸೇರಿ 36 ಪೈಂಟ್ ಜಾಡಿ (ಒಂದೊಂದು ಸುಮಾರು ಅರ್ಧ ಲೀಟರಿನದು), ಮುಚ್ಚಳದ ಕೆಲವು ಡಬ್ಬಿ ತಂದುಕೊಟ್ಟಳು. ಮುಚ್ಚಳ ಒಂದೊಂದಕ್ಕೆ 35 ರೂಪಾಯಿ ಬಿತ್ತು. ಒಂದು ಸಲ ಬಳಸಿದ ಮೇಲೆ ಮತ್ತೆ ಬರಲ್ಲ. ನನ್ನ ಹೊಟ್ಟೆ ಉರಿಸೋದು ಅದೊಂದೇ.

ಅದಕ್ಕೂ ಮುಂಚೆ ಮನೆಯ ದೊಡ್ಡ ಕುಕ್ಕರ್‌ನಲ್ಲೇ ಮುಗಿಸೋಣ ಅಂತ ಹೊರಟಿದ್ದೆ. 10 ಲೀಟರಿನದು, ಮೂರು ಬಾಟಲಿ ಹಿಡೀತು. ವಿಷಲ್ ಹಾಕಿ ಮುಕ್ಕಾಲು ಗಂಟೆ ಬೇಯಿಸಿದೆ. ಬಾಟಲಿಗಳು ನೋಡೋಕೆ ಚೆಂದ ಬಂದವು. ಆಮೇಲೆ ತಿಳೀತು, ಅಮೆರಿಕದ ಕೃಷಿ ಇಲಾಖೆಯ ಪಟ್ಟಿಯಲ್ಲಿ ಕೊಟ್ಟಿರೋ ನಿಮಿಷಗಳು ನಿಧಾನಕ್ಕೆ ಕಾದು ನಿಧಾನಕ್ಕೆ ಆರೋ ದೊಡ್ಡ ಕ್ಯಾನರ್‌ಗೆ ಲೆಕ್ಕ ಹಾಕಿದವು. ಬೇಗ ಕಾದು ಬೇಗ ಆರೋ ಕುಕ್ಕರ್‌ಗೆ ಆ ಲೆಕ್ಕ ಹೊಂದಲ್ಲ, ಒಳಗೆ ಕಣ್ಣಿಗೆ ಕಾಣದ ವಿಷ ಹುಟ್ಟಬಹುದು. ಹಸುಗಳು ಬಾಯಿ ಹಾಕದಿರಲಿ ಅಂತ ಗುಂಡಿ ತೋಡಿ ಹೂಳಿದೆ. ನಮ್ಮನೆಯವರು ಗುದ್ದಲಿ ಹಿಡಿದುಕೊಂಡು, "ಬಿತ್ತನೆ ಆಯ್ತಾ?" ಅಂದರು.

ಮಾಗಡಿ ಸೀಮೆಯವರು ನಾವು. ಸಮುದ್ರಮಟ್ಟದಿಂದ ಸುಮಾರು 3000 ಅಡಿ. ಮೊದಲ ಸಲ ತಂಗಿ ಫೋನಿನಲ್ಲಿ ಹೇಳಿದಂತೆ ಕ್ಯಾನರಿನ ಒತ್ತಡ ತೋರಿಸೋ ಮುಳ್ಳನ್ನು 11 ಪೌಂಡಿಗೆ ನಿಲ್ಲಿಸಿದ್ದೆ. ಅದು ಅವಳ ಊರಿನ ಲೆಕ್ಕ. 2000 ಅಡಿ ದಾಟಿದರೆ 12 ಪೌಂಡ್ ಬೇಕು. ಆ ಕಂತೂ ಗುಂಡಿಗೆ. ಈಗ ಮುಳ್ಳು 12ಕ್ಕೂ 13ಕ್ಕೂ ನಡುವೆ ಇರೋ ಹಾಗೆ ಉರಿ ಹಿಡೀತೀನಿ. ಮುಳ್ಳನ್ನೂ ಪೂರ್ತಿ ನಂಬಲ್ಲ. ಪ್ರತಿ ಸೀಸನ್ ಶುರುವಾಗೋ ಮುಂಚೆ ಬರೀ ನೀರಿಟ್ಟು, 15 ಪೌಂಡಿನ ವೆಯ್ಟ್ ಅಲ್ಲಾಡೋಕೆ ಶುರುವಾದಾಗ ಮುಳ್ಳೂ 15ರಲ್ಲೇ ಇದೆಯಾ ಅಂತ ನೋಡ್ಕೋತೀನಿ.

ಅತಿ ಹೆಚ್ಚು ನಷ್ಟ ಆದದ್ದು ನಮ್ಮ ಕೈ ಅಭ್ಯಾಸದಿಂದ. ಅನ್ನದ ಕುಕ್ಕರ್ ಆದರೆ ಏನು ಮಾಡ್ತೀವಿ? ಹೊತ್ತಾಯ್ತು ಅಂದರೆ ಸೌಟಿನ ಹಿಡಿಯಿಂದ ವೆಯ್ಟ್ ಎತ್ತಿ ಪುಸ್ಸ್ ಅಂತ ಹಬೆ ಬಿಡ್ತೀವಿ, ಇಲ್ಲ ನಲ್ಲಿ ಕೆಳಗೆ ಹಿಡೀತೀವಿ. ಎರಡನೇ ಕಂತಿನಲ್ಲಿ ನನ್ನ ಕೈ ಅದೇ ಕೆಲಸ ಮಾಡಿತು. ಮುಚ್ಚಳ ತೆಗೆದಾಗ ಕ್ಯಾನರ್ ತಳದಲ್ಲಿ ಹಸಿರು ನೀರು, ಜಾಡಿಗಳಲ್ಲಿ ಅರ್ಧಕ್ಕೇ ನೀರು. ಮುಚ್ಚಳದ ಅಂಚಿಗೆ ಅವರೆ ಸಿಪ್ಪೆ ಸಿಕ್ಕಿಕೊಂಡು ಒಂಬತ್ತರಲ್ಲಿ ಐದು ಸೀಲೇ ಆಗಿರಲಿಲ್ಲ. ಈಗ ಗ್ಯಾಸ್ ಆರಿಸಿ ಅಡುಗೆಮನೆಯಿಂದಲೇ ಎದ್ದು ಹೋಗ್ತೀನಿ. ಮುಳ್ಳು ತಾನಾಗೇ ಸೊನ್ನೆಗಿಳಿಯೋಕೆ ಮುಕ್ಕಾಲು ಗಂಟೆಗೂ ಮೇಲೆ ಬೇಕು. ಆಮೇಲೆ ವೆಯ್ಟ್ ತೆಗೆದು ಇನ್ನೂ ಹತ್ತು ನಿಮಿಷ.

ಒತ್ತಡ ಏರಿದ ಮೇಲೆ ಅವರೆ 50 ನಿಮಿಷ ಬೇಯಬೇಕು. ಇನ್ನೊಂದು ಸಲ ಅದರಲ್ಲಿ 34 ಆಗಿತ್ತು, ಸಿಲಿಂಡರ್ ಖಾಲಿ. ಬದಲಾಯಿಸೋ ಹೊತ್ತಿಗೆ ಮುಳ್ಳು 8ಕ್ಕಿಳಿದಿತ್ತು. ಒತ್ತಡ ಇಳಿದರೆ ಲೆಕ್ಕ ಮತ್ತೆ ಸೊನ್ನೆಯಿಂದ. "ಉಳಿದದ್ದು ಹದಿನಾರೇ ನಿಮಿಷ ಅಲ್ವಾ ಅತ್ತಿಗೆ" ಅಂತ ನಾದಿನಿ ಎಷ್ಟು ಹೇಳಿದರೂ ಕೇಳದೆ ಪೂರ್ತಿ 50 ನಿಮಿಷ ಓಡಿಸಿದೆ. ಕಾಳೆಲ್ಲ ಬೆಣ್ಣೆ. ಆ ಜಾಡಿಗಳನ್ನು ಉಪ್ಸಾರಿಗೆ ಮಸೆದು ಮುಗಿಸಬೇಕಾಯ್ತು. ಈಗ ಒಲೆ ಹಚ್ಚೋ ಮುಂಚೆ ಸಿಲಿಂಡರ್ ಎತ್ತಿ ಭಾರ ನೋಡ್ತೀನಿ.

50 ನಿಮಿಷ ಯಾಕೆ ಅಂದರೆ, ಅಮೆರಿಕದ ಕೃಷಿ ಇಲಾಖೆಯ ಪಟ್ಟಿಯಲ್ಲಿ ಅವರೆ ಇಲ್ಲ. ಹತ್ತಿರದ್ದು ಅಂದರೆ ಹಸಿ ಲೈಮಾ ಬೀನ್ಸ್, ಪೈಂಟ್ ಜಾಡಿಗೆ 40 ನಿಮಿಷ. ಅದಕ್ಕೆ ನಾನು ಹತ್ತು ಸೇರಿಸಿದೀನಿ. ಇದು ನನ್ನ ಲೆಕ್ಕ, ಅವರೆಗೇ ಅಂತ ಯಾರೂ ಪರೀಕ್ಷೆ ಮಾಡಿದ್ದಲ್ಲ. ಅದಕ್ಕೇ ಜಾಡಿ ತೆರೆದ ಮೇಲೆ 13 ನಿಮಿಷ ಚೆನ್ನಾಗಿ ಕುದಿಸದೆ ನಮ್ಮನೇಲಿ ಯಾರೂ ನಾಲಿಗೆಗೆ ಮುಟ್ಟಿಸಲ್ಲ, ಉಪ್ಪು ನೋಡೋಕೂ ಇಲ್ಲ.

ಕಾಳನ್ನು ಒಂದು ಕುದಿ ಬರಿಸಿ ಸಡಿಲವಾಗಿ ತುಂಬಬೇಕು, ಅದುಮಬಾರದು. ಕಂಠದಲ್ಲಿ ಒಂದು ಇಂಚು ಖಾಲಿ. ಮೊದಮೊದಲು ಜಾಡಿ ದುಬಾರಿ ಅಂತ ಒತ್ತಿ ಒತ್ತಿ ತುಂಬಿ, ಕಾಳು ಉಬ್ಬಿ ನೀರೆಲ್ಲ ಕುಡಿದು ಮೇಲಿನ ಪದರ ಒಣಗಿ ಕಂದುಬಣ್ಣಕ್ಕೆ ತಿರುಗಿತ್ತು. ಜಾಡಿಗೆ ಅರ್ಧ ಚಮಚ ಉಪ್ಪು ಸಾಕು. ಸೊಗಡು ಉಳಿಯೋಕೆ ಕಾಯಿ ಬಿಡಿಸುವಾಗ ನಾನು ಮಾಡೋ ಕೆಲಸ ಒಂದಿದೆ, ಅದನ್ನು ಬರೆಯಲ್ಲ. ಬರೀ ರುಚಿಯ ವಿಷಯ, ಬಿಟ್ಟರೂ ಯಾರಿಗೂ ತೊಂದರೆಯಿಲ್ಲ. ಇಷ್ಟು ಹೇಳಬಲ್ಲೆ: ಕಾಯಿ ಮುಟ್ಟಿದರೆ ಬೆರಳಿಗೆ ಎಣ್ಣೆ ಅಂಟಬೇಕು. ಅಂಟದ ಕಾಯನ್ನು ಯಾವ ಕ್ಯಾನರ್‌ಗೆ ಹಾಕಿದರೂ ಅಷ್ಟೇ.

ದುಡ್ಡಿನ ವಿಚಾರ. ಎರಡು ಅಂತಸ್ತಿನಲ್ಲಿ 18 ಪೈಂಟ್ ಜೋಡಿಸ್ತೀನಿ. ಅದಕ್ಕೆ 5 ಕಿಲೋ ಕಾಳು ಬೇಕು, ಅಂದರೆ 13-14 ಕಿಲೋ ಕಾಯಿ. ಜನವರಿಯಲ್ಲಿ ಕಿಲೋ 60-70 ರೂಪಾಯಿಗೆ ಸಿಕ್ಕಾಗಲೇ ಹಿಡೀಬೇಕು. ಐದು ಜನ ಕೂತು ಬಿಡಿಸಿದರೆ ಒಂದು ಸಂಜೆ. ಆ ಕೂಲಿ ಲೆಕ್ಕ ಹಾಕಿಲ್ಲ, ಹಾಕಿದರೆ ಮನೆಯವರೆಲ್ಲ ನನ್ನ ಸಾಲಗಾರರಾಗ್ತಾರೆ, ನಾನು ಅವರ ಸಾಲಗಾರಳಾಗ್ತೀನಿ. ಗ್ಯಾಸು ಅರ್ಧ ಕಿಲೋ ಸುಡುತ್ತೆ, 18 ಜಾಡಿಗೆ ಹಂಚಿದರೆ ತಲಾ ಎರಡು ರೂಪಾಯಿ. ಒಟ್ಟು ಜಾಡಿಗೆ 90ರ ಹತ್ತಿರ. ಮೇ ತಿಂಗಳಲ್ಲಿ ಸೊಗಡವರೆ ಎಷ್ಟು ಕೊಟ್ಟರೂ ಸಿಗಲ್ಲ, ಹಾಗಾಗಿ ದುಬಾರಿ ಅನ್ನೋ ಮಾತೇ ಇಲ್ಲ. ಮಾರಿ ಅಂತ ಕೇಳೋರಿದ್ದಾರೆ. ಆಹಾರ ಮಾರೋಕೆ ಬೇಕಾದ ಎಫ್‌ಎಸ್‌ಎಸ್‌ಎಐ ಪರವಾನಗಿ, ಮೈಸೂರಿಗೆ ಹೋಗಿ ಅಲ್ಲಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಕೋರ್ಸು, ಇದೆಲ್ಲ ಈ ವಯಸ್ಸಿನಲ್ಲಿ ಬೇಡ.

ದುಡ್ಡು ಉಳಿಸೋಕೆ ಉಪ್ಪಿನಕಾಯಿಯ ಹಳೇ ಬಾಟಲಿಗಳನ್ನೂ ಹಾಕಿ ನೋಡಿದ್ದೆ. ಎಂಟರಲ್ಲಿ ಎರಡು ಕ್ಯಾನರ್ ಒಳಗೇ ಠಪ್ ಅಂದವು. ಒಂದರ ಮುಚ್ಚಳ ಮೂರು ವಾರಕ್ಕೆ ಉಬ್ಬಿತು. ಉಳಿದವನ್ನೂ ನಂಬದೆ ಹೂಳಿದೆ. ಆ ಗುಂಡಿಯ ಪಕ್ಕದ ನುಗ್ಗೆಮರ ಈಗ ಬಹಳ ಚೆನ್ನಾಗಿದೆ.

ಹಿತಕಿದ ಬೇಳೆ ಕೇಳಲೇಬೇಡಿ. ರಾತ್ರಿಯೆಲ್ಲ ನೆನೆಸಿ, ಉಗುರು ನೋಯೋವರೆಗೂ ಹಿತುಕಿ, ಆರು ಜಾಡಿ ಹಾಕಿದೆ. ಬಂದದ್ದು ಗಂಜಿ. ಅಷ್ಟು ಮಂದವಾದದ್ದರ ನಡುವಿಗೆ ಶಾಖ ಹೊಕ್ಕಿತೋ ಇಲ್ಲವೋ, ಅದೂ ಮಣ್ಣಿಗೆ. ನಾಟಿಕೋಳಿ ಮಾತ್ರ ಮೊದಲ ಸಲಕ್ಕೇ ಗೆದ್ದಿತು. ಮೂಳೆ ಸಮೇತ, ಮಸಾಲೆ ಇಲ್ಲದೆ, ಪೈಂಟ್‌ಗೆ 65 ನಿಮಿಷ. ಮೂಳೆ ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತೆ. ಹಲ್ಲಿಲ್ಲದ ನಮ್ಮ ಮಾವ ಅದರ ಪಕ್ಷ. ಪುತ್ತೂರಿನ ಗೆಳತಿ ಗುಜ್ಜೆಗೆ, ಅಂದರೆ ಎಳೆ ಹಲಸಿಗೆ, ಎಷ್ಟು ನಿಮಿಷ ಅಂತ ಕೇಳಿದಳು. ನಿಮ್ಮವರು ಹಲಸಿನ ತೊಳೆಯನ್ನೇ ಉಪ್ಪಿನಲ್ಲಿ ವರ್ಷಗಟ್ಟಲೆ ಇಡ್ತಾರಲ್ಲ, ನನ್ನನ್ನೇನು ಕೇಳ್ತೀಯ ಅಂದೆ.

ಫ್ರೀಜರ್ ಇದೆಯಲ್ಲ ಅನ್ನೋರಿಗೂ ಒಂದು ಮಾತು. ಅದನ್ನೂ ಒಂದು ಕಿಲೋ ಇಟ್ಟು ನೋಡಿದೆ. ಸಿಪ್ಪೆ ಚರ್ಮದ ಹಾಗಾಯ್ತು. ನಮ್ಮೂರಿನ ಕರೆಂಟಿನ ಕಥೆ ಬೇರೆ.

ಈ ಸಲ 54 ಜಾಡಿ ಹಾಕೋ ಯೋಚನೆ. ಮುಚ್ಚಳ ಉಳಿದಿರೋದು 31. ತಂಗಿ ದೀಪಾವಳಿಗೆ ಬರ್ತಾಳೆ. ಮಕ್ಕಳಿಗೆ ಚಾಕೊಲೇಟ್ ಬೇಡ, ಆ ಜಾಗದಲ್ಲಿ ಜಾಡಿ, ಮುಚ್ಚಳ ತುಂಬಿಕೊಂಡು ಬಾ ಅಂದಿದೀನಿ. "ನೋಡೋಣ ಅಕ್ಕ" ಅಂದಿದಾಳೆ. ಮಕ್ಕಳಿಗಿನ್ನೂ ಹೇಳಿಲ್ಲ.