ಒಳ್ಳೆಯ ಪ್ರೋಗ್ರಾಮಿಂಗ್ ಭಾಷೆ ಬಳಕೆಗೆ ಬರಬೇಕಾದರೆ

ನೀವೊಂದು ಹೊಸ ಪ್ರೋಗ್ರಾಮಿಂಗ್ ಭಾಷೆ ಕಟ್ಟಿದ್ದು, ಅದನ್ನು ಜನ ಬಳಸಬೇಕೆಂದಿದ್ದರೆ, ಸಿಂಟ್ಯಾಕ್ಸ್ (ಕೋಡ್ ಬರೆಯುವ ನಿಯಮಗಳು) ತಿದ್ದುವುದನ್ನು ಸದ್ಯಕ್ಕೆ ನಿಲ್ಲಿಸಿ. ಒಳ್ಳೆಯ ಭಾಷೆಗಳು ಹೆಚ್ಚಾಗಿ ಎಡವುವುದು ವಿನ್ಯಾಸದಲ್ಲಲ್ಲ, ಅವುಗಳ ಸುತ್ತಲಿನ ಸಲಕರಣೆಗಳಲ್ಲಿ.

ಏನೂ ಇಲ್ಲದ ಹೊಸ ಕಂಪ್ಯೂಟರಿನಲ್ಲಿ ಒಂದೇ ಕಮಾಂಡಿಗೆ ಇನ್‌ಸ್ಟಾಲ್ ಆಗುತ್ತದೆಯೇ ನೋಡಿ. ಎಡಿಟರ್ ಬೆಂಬಲ, ಡೀಬಗರ್ (ತಪ್ಪು ಹುಡುಕುವ ಸಲಕರಣೆ), ಡೇಟಾಬೇಸ್ ಲೈಬ್ರರಿ (ಡೇಟಾಬೇಸ್ ಬಳಸಲು ಸಿದ್ಧ ಕೋಡ್) ಇಲ್ಲದಿದ್ದರೆ ಹೊಸಬರು ಮೊದಲ ದಿನವೇ ಹಿಂದಿರುಗುತ್ತಾರೆ.

ಎಲ್ಲಕ್ಕಿಂತ ಮುಖ್ಯ, ಹಳೆಯ ಕೋಡಿನ ಜೊತೆ ಹೊಂದಾಣಿಕೆ. ಲಕ್ಷಾಂತರ ಸಾಲುಗಳನ್ನು ಎಸೆದು ಹೊಸದಾಗಿ ಬರೆಯಲು ಯಾವ ತಂಡವೂ ಸುಲಭಕ್ಕೆ ಒಪ್ಪುವುದಿಲ್ಲ. ಉದಾಹರಣೆಗೆ, ಕಾಟ್ಲಿನ್ ಎಂಬ ಭಾಷೆ ತನಗಿಂತ ಹಳೆಯ ಜಾವಾ ಭಾಷೆಯ ಕೋಡನ್ನು ನೇರವಾಗಿ ಬಳಸಬಲ್ಲದು. ಹಾಗಾಗಿ ಒಂದೊಂದೇ ಫೈಲ್ ಬದಲಿಸುತ್ತ ಹೋಗಬಹುದು. ಆಂಡ್ರಾಯ್ಡ್ ಆ್ಯಪ್ ಬರೆಯಲು 2017ರಲ್ಲಿ ಕಾಟ್ಲಿನ್‌ಗೆ ಗೂಗಲ್‌ನ ಅಧಿಕೃತ ಬೆಂಬಲ ಸಿಕ್ಕಿದ್ದು ಕೂಡ ದೊಡ್ಡ ಬಲ. ನಿಮ್ಮ ಭಾಷೆಯಿಂದ, ಹಳೆಯ ಸಿ ಭಾಷೆಯಲ್ಲಿ ಬರೆದ ಒಂದು ಫಂಕ್ಷನ್ ಕರೆಯಲು ಎಷ್ಟು ಸಾಲು ಬೇಕೆಂದು ಎಣಿಸಿ. ಹತ್ತು ದಾಟಿದರೆ ಮೊದಲು ಅದನ್ನೇ ಸರಿಪಡಿಸಿ.

ಬಳಕೆದಾರರು ಹಂಚಿಹೋಗದಂತೆ ನೋಡಿಕೊಳ್ಳಿ. ಡಿ ಭಾಷೆಯ ಮೊದಲ ಆವೃತ್ತಿಯಲ್ಲಿ ಫೋಬೋಸ್, ಟ್ಯಾಂಗೋ ಎಂಬ ಎರಡು ಮೂಲ ಲೈಬ್ರರಿಗಳು ಒಂದಕ್ಕೊಂದು ಹೊಂದದೆ, ಇದ್ದ ಬಳಕೆದಾರರೂ ಎರಡು ಪಾಲಾದರು. ರಸ್ಟ್ ಭಾಷೆ ಹಾಗಲ್ಲ: 2015ರ 1.0 ಆವೃತ್ತಿಯೊಂದಿಗೇ, ಹಳೆಯ ಕೋಡ್ ಮುಂದಿನ ಆವೃತ್ತಿಗಳಲ್ಲೂ ಕಂಪೈಲ್ ಆಗುತ್ತದೆ (ಓಡುವ ಪ್ರೋಗ್ರಾಂ ಆಗುತ್ತದೆ) ಎಂಬ ಭರವಸೆ ಕೊಟ್ಟಿತು. ಲೈಬ್ರರಿ ತರಿಸಿಕೊಳ್ಳಲು ಕಾರ್ಗೋ ಎಂಬ ಅದರದೇ ಸಲಕರಣೆ ಆಗಲೇ ಸಿದ್ಧವಿತ್ತು.

ಕೊನೆಗೆ, ಒಂದೇ ಒಂದು ಕ್ಷೇತ್ರ ಹಿಡಿಯಿರಿ. ಅಲ್ಲಿ ಈಗಿನ ಭಾಷೆ ನಿಜವಾಗಿಯೂ ನೋಯಿಸುತ್ತಿರಬೇಕು. ನಿಮ್ಮದು ಸ್ವಲ್ಪ ಮಾತ್ರ ಉತ್ತಮವಾಗಿದ್ದರೆ ಯಾರೂ ಭಾಷೆ ಬದಲಾಯಿಸುವುದಿಲ್ಲ.